ಡಾರ್ಕಿಂಗ್‌ನಿಂದ ಒಂದು ಸುತ್ತು: ಸರ್ರೆ ಗುಡ್ಡಗಳ ಸೈಕಲ್ ದಾರಿ

ಇಂಗ್ಲೆಂಡಿನ ಹಳ್ಳಿದಾರಿಗೆ ರೋಡ್ ಸೈಕಲ್ ಇಳಿಸುವ ಮುಂಚೆ ಎಷ್ಟು ಕಿಲೋಮೀಟರ್ ಅಂತ ಎಣಿಸುವುದಕ್ಕಿಂತ, ಆ ನೆಲ ಯಾವ ಬಗೆಯದು ಅಂತ ತಿಳಿದುಕೊಳ್ಳುವುದು ಒಳ್ಳೆಯದು. ಏರು ಎಷ್ಟು ಕಡಿದು, ತಿರುವಿನಲ್ಲಿ ಏನು ಬಿದ್ದಿರುತ್ತದೆ, ಪಂಕ್ಚರ್ ಯಾವ ತಿಂಗಳಲ್ಲಿ ಹೆಚ್ಚು, ಎಲ್ಲವನ್ನೂ ನೆಲವೇ ತೀರ್ಮಾನಿಸುತ್ತದೆ. ಲಂಡನ್ನಿನ ದಕ್ಷಿಣಕ್ಕಿರುವ ಸರ್ರೆ ಹಿಲ್ಸ್‌ನಲ್ಲಿ ಸುಮಾರು 40 ಕಿಲೋಮೀಟರಿನ ಒಂದೇ ಸುತ್ತಿನಲ್ಲಿ ಮೂರು ಬಗೆಯ ನೆಲ ಸಿಗುತ್ತದೆ. ಲಂಡನ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರಿಗೆ ಇದಕ್ಕಿಂತ ಹತ್ತಿರದ, ಇಷ್ಟು ಸೊಗಸಾದ ದಾರಿ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ.

ಉತ್ತರದಲ್ಲಿ ನಾರ್ತ್ ಡೌನ್ಸ್ ಎಂಬ ಗುಡ್ಡಸಾಲು. ಅದು ಬಿಳಿ ಸೀಮೆಸುಣ್ಣದ ಕಲ್ಲು, ಮೇಲ್ಭಾಗದಲ್ಲಿ ಚಕಮಕಿ ಕಲ್ಲು ತುಂಬಿದ ಜೇಡಿ. ದಕ್ಷಿಣದಲ್ಲಿ ಗ್ರೀನ್‌ಸ್ಯಾಂಡ್ ಎಂಬ ಮರಳುಗಲ್ಲಿನ ಸಾಲು. 294 ಮೀಟರ್ ಎತ್ತರದ ಲೀತ್ ಹಿಲ್ ಇರುವುದು ಅಲ್ಲೇ, ಸರ್ರೆಯಲ್ಲಿ ಅದಕ್ಕಿಂತ ಎತ್ತರದ ಜಾಗವಿಲ್ಲ. ಇವೆರಡರ ನಡುವಿನ ಕಣಿವೆಯಲ್ಲಿ ಟಿಲ್ಲಿಂಗ್‌ಬೋರ್ನ್ ಹೊಳೆ, ಅದರ ಪಕ್ಕದಲ್ಲೇ ಎ25 ಹೆದ್ದಾರಿ. ಲೀತ್ ಹಿಲ್ ದಾಟಿ ಇನ್ನೂ ದಕ್ಷಿಣಕ್ಕೆ ಹೋದರೆ ವೀಲ್ಡ್ ಎಂಬ ಅಂಟು ಜೇಡಿಮಣ್ಣಿನ ಬಯಲು.

ನಂದಿಬೆಟ್ಟ ಹತ್ತಿ ಅಭ್ಯಾಸವಿರುವವರು ಇಲ್ಲಿನ ಏರುಗಳ ಅಂಕಿ ನೋಡಿ ಹಗುರವಾಗಿ ತೆಗೆದುಕೊಳ್ಳುತ್ತಾರೆ. ನಂದಿಯಲ್ಲಿ ಏಳೆಂಟು ಕಿಲೋಮೀಟರ್ ಹತ್ತಬೇಕು, ಆದರೆ ಒಂದು ಲಯ ಹಿಡಿದರೆ ಹತ್ತಿಬಿಡಬಹುದು. ಇಲ್ಲಿ ಹೆಚ್ಚಿನ ಏರು ಎರಡು ಮೂರು ಕಿಲೋಮೀಟರ್ ಮೀರುವುದಿಲ್ಲ, ಆದರೆ ಅದರೊಳಗೇ ನೂರಿನ್ನೂರು ಮೀಟರ್ ಗೋಡೆ ಹತ್ತಿದ ಹಾಗೆ ಎದ್ದುಬಿಡುತ್ತದೆ. ಲಯ ಸಿಗುವುದೇ ಇಲ್ಲ. ಮುಂದೆ ಪೆಡಲ್ ಬಳಿ 34 ಹಲ್ಲಿನ ಚೈನ್‌ರಿಂಗ್, ಹಿಂದಿನ ಕ್ಯಾಸೆಟ್‌ನಲ್ಲಿ, ಅಂದರೆ ಹಿಂದಿನ ಚಕ್ರದ ಹಲ್ಲುಗಾಲಿಗಳ ಗೊಂಚಲಿನಲ್ಲಿ, ದೊಡ್ಡದು 32 ಅಥವಾ 34 ಹಲ್ಲಿನದು ಇರಲಿ. 28 ಹಲ್ಲಿಗೆ ನಿಂತ ಕ್ಯಾಸೆಟ್‌ನಲ್ಲಿ ಕಡಿದಾದ ಜಾಗದಲ್ಲಿ ಎದ್ದು ನಿಂತೇ ತುಳಿಯಬೇಕಾಗುತ್ತದೆ. ಎದ್ದು ನಿಂತರೆ ಹಿಂದಿನ ಚಕ್ರದ ಮೇಲಿನ ಭಾರ ಕಡಿಮೆಯಾಗಿ, ಒದ್ದೆ ಎಲೆಯ ಮೇಲೆ ಚಕ್ರ ಬರಿದೇ ತಿರುಗುತ್ತದೆ.

ದಾರಿ ಹೀಗೆ. ಲಂಡನ್ನಿನ ವಿಕ್ಟೋರಿಯಾ ಅಥವಾ ವಾಟರ್‌ಲೂ ಸ್ಟೇಷನ್ನಿನಿಂದ ಡಾರ್ಕಿಂಗ್‌ಗೆ ರೈಲು ಹಿಡಿಯಿರಿ, ಒಂದು ಗಂಟೆಯ ಆಸುಪಾಸು ಹಿಡಿಯುತ್ತದೆ. ಊರಿನಿಂದ ರಾನ್ಮೋರ್ ರಸ್ತೆ ಹಿಡಿದು ರಾನ್ಮೋರ್ ಕಾಮನ್‌ಗೆ ಹತ್ತಿ. ಮೈ ಬಿಸಿಯಾಗುವ ಮೊದಲೇ ಬರುವ ಏರು ಇದು, ಅದಕ್ಕೇ ಮೊದಲಿನಿಂದಲೇ ಚಿಕ್ಕ ಗೇರ್ ಹಾಕಿಕೊಳ್ಳಿ. ಮೇಲೆ ಬಂದ ಮೇಲೆ ಗುಡ್ಡದ ನೆತ್ತಿಯಲ್ಲೇ ಪಶ್ಚಿಮಕ್ಕೆ ಸಾಗಿ, ಕ್ರಾಕ್‌ನಾರ್ತ್ ರಸ್ತೆ ದಾಟಿ, ಕೋಂಬ್ ಲೇನ್‌ನಲ್ಲಿ ಶಿಯರ್ ಹಳ್ಳಿಗೆ ಇಳಿಯಬೇಕು. ನಡುವೆ ಎಡಕ್ಕೆ ವೈಟ್ ಡೌನ್ ಲೇನ್ ಸಿಗುತ್ತದೆ, ನಕ್ಷೆಯಲ್ಲಿ ಅಡ್ಡದಾರಿಯಂತೆ ಕಂಡು ಆಸೆ ಹುಟ್ಟಿಸುತ್ತದೆ. ಮಳೆ ಬಿದ್ದ ದಿನ ಅದರಲ್ಲಿ ಇಳಿಯಬೇಡಿ. ತುಂಬ ಕಡಿದು, ಎರಡೂ ಬದಿ ಎತ್ತರದ ದಂಡೆ, ಬಿಸಿಲು ತಾಗದ್ದರಿಂದ ರಸ್ತೆ ಒಣಗುವುದೇ ಇಲ್ಲ.

ಈ ಮೊದಲ ಭಾಗದಲ್ಲಿ ಟೈರಿನ ಶತ್ರು ಚಕಮಕಿ ಕಲ್ಲು. ಮಳೆನೀರು ಗದ್ದೆಯಿಂದಲೂ ದಂಡೆಯಿಂದಲೂ ಚೂರುಗಳನ್ನು ರಸ್ತೆಗೆ ತಂದು ಹಾಕುತ್ತದೆ. ಚೂರಿನ ಅಂಚು ಗಾಜಿನಷ್ಟೇ ಹರಿತ, ಮೇಲಾಗಿ ಒದ್ದೆ ರಬ್ಬರ್ ಒಣ ರಬ್ಬರಿಗಿಂತ ಸಲೀಸಾಗಿ ಕೊಯ್ದುಕೊಳ್ಳುತ್ತದೆ. ಹಾಗಾಗಿ ಮಳೆ ನಿಂತ ಮರುದಿನ ಪಂಕ್ಚರ್ ಜಾಸ್ತಿ. ಚೂರು ಹೊಕ್ಕ ಕೂಡಲೇ ಗಾಳಿ ಹೋಗಬೇಕೆಂದಿಲ್ಲ. ಉಗುರಿನ ತುದಿಯಷ್ಟು ತುಣುಕು ಟೈರಿನೊಳಗೆ ಕೂತು, ಪ್ರತಿ ಸುತ್ತಿಗೂ ಇಷ್ಟಿಷ್ಟೇ ಒಳಸರಿದು, ಮುಂದಿನ ವಾರದ ಸವಾರಿಯಲ್ಲಿ ಟ್ಯೂಬ್ ಮುಟ್ಟುತ್ತದೆ. ಮನೆಗೆ ಬಂದ ಮೇಲೆ ಟೈರಿನ ಗಾಳಿ ಸ್ವಲ್ಪ ಬಿಟ್ಟು, ಮೇಲ್ಮೈಯನ್ನು ಬೆರಳಿನಿಂದ ಒತ್ತಿ ಅಗಲಿಸುತ್ತಾ ಒಂದು ಸುತ್ತು ನೋಡಿ. ಸೀಳಿನೊಳಗೆ ಬೂದು ಚುಕ್ಕೆ ಕಂಡರೆ ಸೂಜಿಯಿಂದ ಎಬ್ಬಿಸಿ ತೆಗೆಯಿರಿ. ದೊಡ್ಡ ಸೀಳಿಗೆ ಬರೀ ಟ್ಯೂಬ್ ಬದಲಾಯಿಸಿ ಪ್ರಯೋಜನವಿಲ್ಲ, ಹೊಸ ಟ್ಯೂಬ್ ಆ ಸೀಳಿನಿಂದ ಹೊರಗೆ ಉಬ್ಬಿ ಒಡೆಯುತ್ತದೆ. ಹಳೆಯ ಟೈರಿನಿಂದ ಕತ್ತರಿಸಿದ ಎರಡು ಇಂಚಿನ ತುಂಡನ್ನು ಒಳಗಿನಿಂದ ಅಡ್ಡ ಇಟ್ಟರೆ ಸ್ಟೇಷನ್ ಮುಟ್ಟುವಷ್ಟು ತಡೆಯುತ್ತದೆ. ಎರಡು ಟ್ಯೂಬ್, ಈ ತುಂಡು, ಕೈಪಂಪು ಮೂರೂ ಜೊತೆಗಿರಲಿ. ಟೈರ್ 28 ಮಿಲಿಮೀಟರ್ ಅಥವಾ ಇನ್ನೂ ಅಗಲ ಇರಲಿ. 70 ಕಿಲೋ ತೂಕದವರಿಗೆ 28ರಲ್ಲಿ 65ರಿಂದ 70 ಪಿಎಸ್‌ಐ ಗಾಳಿಯೊತ್ತಡ ಸಾಕು, ರಸ್ತೆ ಒದ್ದೆಯಿದ್ದರೆ ಇನ್ನೂ ಐದು ಇಳಿಸಬಹುದು.

ಮುಳ್ಳಿಗೆ ಬೇರೆಯದೇ ಋತು. ಇಂಗ್ಲೆಂಡಿನಲ್ಲಿ ಹಕ್ಕಿಗಳು ಗೂಡು ಕಟ್ಟುವ ಕಾಲವೆಂದು ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ರೈತರು ಹೊಲದ ಬೇಲಿ ಕತ್ತರಿಸುವಂತಿಲ್ಲ. ಸೆಪ್ಟೆಂಬರ್ ಬಂದ ಕೂಡಲೇ ಟ್ರ್ಯಾಕ್ಟರ್‌ಗೆ ಕಟರ್ ಕಟ್ಟಿ ಎಲ್ಲರೂ ಒಟ್ಟಿಗೆ ಶುರು ಮಾಡುತ್ತಾರೆ. ಹಾಥಾರ್ನ್, ಬ್ಲ್ಯಾಕ್‌ಥಾರ್ನ್ ಗಿಡಗಳ ಮುಳ್ಳಿನ ಕಡ್ಡಿ ಲೇನ್ ತುಂಬ ಚೆಲ್ಲಿರುತ್ತದೆ. ಹೊಸದಾಗಿ ಕತ್ತರಿಸಿದ ಬೇಲಿ ಕಂಡರೆ ಆ ನೂರು ಮೀಟರ್ ಇಳಿದು, ಸೈಕಲ್ ಎತ್ತಿಕೊಂಡು ನಡೆಯುವುದು ನಾಚಿಕೆಯ ವಿಷಯವೇನಲ್ಲ. ಟ್ಯೂಬ್‌ಲೆಸ್ ಟೈರಿನವರಿಗೆ ಈ ಸಣ್ಣ ತೂತುಗಳ ಚಿಂತೆ ಕಡಿಮೆ, ತೂತು ಮುಚ್ಚುವ ಒಳಗಿನ ದ್ರವ, ಅಂದರೆ ಸೀಲೆಂಟ್, ಒಣಗಿರಬಾರದು ಅಷ್ಟೆ.

ಶಿಯರ್‌ನಿಂದ ಹೆದ್ದಾರಿ ಬಿಟ್ಟು ಊರೊಳಗಿನ ಲೇನ್‌ನಲ್ಲೇ ಗೋಮ್‌ಶಲ್‌ಗೆ ಬನ್ನಿ. ಅಲ್ಲಿಂದ ಏಬಿಂಜರ್ ಹ್ಯಾಮರ್‌ವರೆಗೆ ಮಾತ್ರ ಸ್ವಲ್ಪ ದೂರ ಎ25 ತಪ್ಪುವುದಿಲ್ಲ. ಹಿಂದೆ ಈ ಊರಲ್ಲಿ ಹೊಳೆಯ ನೀರಿನ ಬಲದಿಂದ ಕಬ್ಬಿಣ ಬಡಿಯುವ ಸುತ್ತಿಗೆ ನಡೆಯುತ್ತಿತ್ತು. ಈಗಲೂ ರಸ್ತೆಯ ಮೇಲೆ ಚಾಚಿಕೊಂಡಿರುವ ಗಡಿಯಾರದಲ್ಲಿ ಕಮ್ಮಾರನ ಗೊಂಬೆ ಗಂಟೆ ಬಡಿಯುತ್ತದೆ. ಇಲ್ಲೇ ಬಲಕ್ಕೆ ಬಿ2126 ಹಿಡಿಯಬೇಕು. ವೇಗದ ಕಾರುಗಳ ನಡುವೆ ಬಲಕ್ಕೆ ತಿರುಗುವುದೇ ಇಡೀ ಸುತ್ತಿನ ಅಪಾಯದ ಜಾಗ. ಸಾಕಷ್ಟು ಮುಂಚೆಯೇ ಹಿಂದೆ ನೋಡಿ, ಕೈ ತೋರಿಸಿ ರಸ್ತೆಯ ನಡುವಿಗೆ ಬನ್ನಿ. ಜಾಗ ಸಿಗದಿದ್ದರೆ ಎಡಕ್ಕೆ ನಿಂತು, ಎರಡೂ ಕಡೆ ಖಾಲಿಯಾದ ಮೇಲೆ ದಾಟಿ.

ಹೋಮ್‌ಬರಿ ಸೇಂಟ್ ಮೇರಿ ದಾಟುವಾಗ ನೆಲ ಬದಲಾದದ್ದು ಕಣ್ಣಿಗೇ ಕಾಣುತ್ತದೆ. ಬಿಳಿ ಹೋಗಿ ಕಂದು ಮರಳು, ಪೈನ್ ಮರಗಳು, ಜರೀಗಿಡಗಳ ಪೊದೆ. ಫಾರೆಸ್ಟ್ ಗ್ರೀನ್‌ಗೆ ಇಳಿದರೆ ಜೇಡಿ, ಟ್ರ್ಯಾಕ್ಟರ್ ಟೈರಿನಿಂದ ಉದುರಿದ ಹೆಂಟೆಗಳು. ಅಲ್ಲಿಂದ ಲೀತ್ ಹಿಲ್ ಕಡೆಗೆ ದಕ್ಷಿಣದ ಏರು. ಈ ಭಾಗದ ಲೇನ್‌ಗಳು ಮೆತ್ತನೆ ಮರಳುಗಲ್ಲಿನಲ್ಲಿ ಶತಮಾನಗಳ ಗಾಡಿಚಕ್ರ, ಮಳೆನೀರು ಕೊರೆದ ಆಳದ ದಾರಿಗಳು. ಎರಡೂ ಕಡೆ ತಲೆಗಿಂತ ಎತ್ತರಕ್ಕೆ ಮಣ್ಣಿನ ಗೋಡೆ, ಅದರಿಂದ ಇಳಿಬಿದ್ದ ಮರದ ಬೇರು, ಮೇಲೆ ಕೊಂಬೆಗಳ ಚಪ್ಪರ. ನೋಡಲು ಅಷ್ಟು ಚಂದ, ಆದರೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ರಸ್ತೆಯ ನಡುವೆ ಪಾಚಿಯ ಗೆರೆ, ತಿರುವಿನಲ್ಲಿ ಮರಳು. ಕಾರಿನ ಚಕ್ರ ಉಜ್ಜಿ ಸ್ವಚ್ಛವಾದ ಎರಡು ಪಟ್ಟಿಗಳಲ್ಲಿ ಒಂದನ್ನು ಹಿಡಿದು ಸಾಗಿ, ಬ್ರೇಕ್ ತಿರುವಿಗೆ ಮುಂಚೆಯೇ ಮುಗಿಸಿ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಯೊಳಗೆ ಸೂರ್ಯ ಮುಳುಗುತ್ತಾನೆ, ಈ ಲೇನ್‌ಗಳಲ್ಲಿ ಮೂರಕ್ಕೇ ಕತ್ತಲು. ದೀಪವಿಲ್ಲದೆ ಬರಬೇಡಿ.

ಕುದುರೆ ಸವಾರರು ಇಲ್ಲಿ ಬಹಳ. ಹಿಂದಿನಿಂದ ಸದ್ದಿಲ್ಲದೆ ಬರುವ ಸೈಕಲ್‌ಗೆ ಕುದುರೆ ಬೆಚ್ಚುತ್ತದೆ. ದೂರದಿಂದಲೇ ‘ಹಲೋ’ ಅಂತ ಕೂಗಿ, ಸವಾರರು ತಿರುಗಿ ನೋಡಿದ ಮೇಲೆ, ನಿಧಾನವಾಗಿ, ಅಗಲ ಬಿಟ್ಟು, ಬಲಗಡೆಯಿಂದ ದಾಟಿ. ಕುದುರೆಯ ಎಡದಿಂದ ದಾಟಬಾರದೆಂದು ಅಲ್ಲಿನ ರಸ್ತೆ ನಿಯಮಗಳ ಪುಸ್ತಕ ಹೈವೇ ಕೋಡ್ ಹೇಳುತ್ತದೆ.

ಮುಂದೆ ಕೋಲ್ಡ್‌ಹಾರ್ಬರ್ ಹಳ್ಳಿ, ಅಲ್ಲಿಂದ ಡಾರ್ಕಿಂಗ್‌ಗೆ ಇಳಿಜಾರು. ದಾರಿಯನ್ನು ಆ್ಯಪ್‌ನಲ್ಲಿ ಹಾಕಿಕೊಳ್ಳುವವರು ಒಂದು ವಿಷಯ ಗಮನಿಸಿ. ಇಂಗ್ಲೆಂಡಿನ ಬ್ರಿಡಲ್‌ವೇ ಎಂಬ ಕುದುರೆ ದಾರಿಗಳಲ್ಲಿ ಸೈಕಲ್‌ಗೆ ಕಾನೂನಿನ ಪ್ರಕಾರ ಅವಕಾಶವಿದೆ, ಹಾಗಾಗಿ ಆ್ಯಪ್ ನಿಮ್ಮನ್ನು ನಿಶ್ಚಿಂತೆಯಾಗಿ ಕುದುರೆ ತುಳಿದ ಕೆಸರಿಗೆ ಕಳಿಸಬಹುದು. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೇಯ 1:50,000 ನಕ್ಷೆಯಲ್ಲಿ ಹಳದಿ ಗೆರೆಗಳೇ ನಿಮ್ಮ ಲೇನ್‌ಗಳು. ಅದರ ಮೇಲೆ ಒಂದು ಬಾಣದ ಗುರುತಿದ್ದರೆ ಏರು 14ರಿಂದ 20 ಪ್ರತಿಶತ, ಎರಡಿದ್ದರೆ ಅದಕ್ಕಿಂತ ಕಡಿದು. ಬಾಣದ ಮೊನೆ ತೋರಿಸುವುದು ಇಳಿಜಾರಿನ ಕಡೆಗೆ.

ಕಾಲಲ್ಲಿ ಇನ್ನೂ ಶಕ್ತಿಯಿದ್ದರೆ ಡಾರ್ಕಿಂಗ್‌ನಿಂದ ಉತ್ತರಕ್ಕೆ ಎ24ರ ಪಕ್ಕದ ಸೈಕಲ್ ಪಥದಲ್ಲಿ ಬಾಕ್ಸ್ ಹಿಲ್‌ಗೆ ಹೋಗಿ. 2012ರ ಲಂಡನ್ ಒಲಿಂಪಿಕ್ಸ್‌ನ ರೋಡ್ ರೇಸ್‌ನಲ್ಲಿ ಪುರುಷರು ಇದನ್ನು ಒಂಬತ್ತು ಸಲ ಹತ್ತಿದರು, ಮಹಿಳೆಯರು ಎರಡು ಸಲ. ಜಿಗ್ ಜ್ಯಾಗ್ ರಸ್ತೆ ಸುಮಾರು 2.5 ಕಿಲೋಮೀಟರ್, ಸರಾಸರಿ 5 ಪ್ರತಿಶತ, ಡಾಂಬರು ನುಣುಪು. ಈ ಸುತ್ತಿನಲ್ಲಿ ಲಯ ಹಿಡಿದು ಹತ್ತಬಹುದಾದ ಏರು ಇದೊಂದೇ, ಅದಕ್ಕೇ ಕೊನೆಗೆ ಇಟ್ಟುಕೊಳ್ಳಿ ಎನ್ನುತ್ತೇನೆ. ಮೇಲೆ ನ್ಯಾಷನಲ್ ಟ್ರಸ್ಟ್‌ನವರ ಕೆಫೆಯಿದೆ, ಭಾನುವಾರ ಜನ ಜಾಸ್ತಿ. ಇಳಿದ ಮೇಲೆ ಡಾರ್ಕಿಂಗ್‌ಗೆ ವಾಪಸ್ ಹೋಗಬೇಕಿಲ್ಲ, ಬಾಕ್ಸ್ ಹಿಲ್ ಅಂಡ್ ವೆಸ್ಟ್‌ಹಂಬಲ್ ಸ್ಟೇಷನ್ ಹತ್ತಿರದಲ್ಲೇ ಇದೆ. ವಾರದ ದಿನಗಳಲ್ಲಿ ಕಚೇರಿ ಹೊತ್ತಿನ ರೈಲುಗಳಿಗೆ ಮಡಚದ ಸೈಕಲ್ ಹತ್ತಿಸಲು ಬಿಡುವುದಿಲ್ಲ, ಹೊರಡುವ ಮುಂಚೆ ವೇಳಾಪಟ್ಟಿ ನೋಡಿಕೊಳ್ಳಿ.