ಶಾಲ್ಮಲಾ ನದಿಯ ಪಾತ್ರದಲ್ಲಿ ಒಂದು ಮಧ್ಯಾಹ್ನ

ಸಹ್ಯಾದ್ರಿಯ ಹಳಮೆಯನ್ನು ನೋಡಬೇಕೆನ್ನುವವರನ್ನು ಶಿರಸಿಯ ಕಡೆಯವರು ಸಾಮಾನ್ಯವಾಗಿ ಬನವಾಸಿಗೋ ಯಾಣಕ್ಕೋ ಕಳುಹಿಸುತ್ತಾರೆ. ಕದಂಬರ ರಾಜಧಾನಿಯಾಗಿದ್ದ ಬನವಾಸಿಯಲ್ಲಿ ಮಧುಕೇಶ್ವರ ದೇವಾಲಯವಿದೆ. ಯಾಣದಲ್ಲಿ ಸುಮಾರು 120 ಮೀಟರ್ ಎತ್ತರದ ಭೈರವೇಶ್ವರ ಶಿಖರವು ಕಾಡಿನ ನಡುವೆ ಎದ್ದು ನಿಂತಿದೆ. ಮನುಷ್ಯನ ಕೆಲಸ ಮತ್ತು ಕಾಡಿನ ಕೆಲಸ ಒಂದರೊಳಗೊಂದು ಬೆರೆತುಹೋಗಿರುವುದನ್ನು ನಾನು ಕಂಡದ್ದು ಮಾತ್ರ ಸೋಂದೆಗೆ ಸಮೀಪ, ಶಾಲ್ಮಲಾ ಹೊಳೆಯ ಬಂಡೆಗಳ ಮೇಲೆ ಲಿಂಗಗಳನ್ನು ಕಡೆದಿರುವ ಸಹಸ್ರಲಿಂಗದಲ್ಲಿ.

ಶಿವರಾತ್ರಿಯ ಜನಜಂಗುಳಿ ಕರಗಿದ ಮೇಲೆ, ಆ ಸೀಮೆಯ ಅಡಿಕೆ ಬೆಳೆಗಾರರಾದ ಹಿರಿಯರೊಬ್ಬರ ಜೊತೆ ಹೊಳೆಗೆ ಇಳಿದೆ. ನೀರು ಇಳಿದು, ಪಾತ್ರದ ತುಂಬ ಹರಡಿದ್ದ ಬಂಡೆಗಳು ಒಣಗಿ ಬೆಚ್ಚಗಾಗಿದ್ದವು. ಬಂಡೆ ಹೇಗೆ ಬಿದ್ದುಕೊಂಡಿತ್ತೋ ಹಾಗೆಯೇ ಅದರ ನೆತ್ತಿಯ ಮೇಲೆ ಪಾಣಿಪೀಠವನ್ನೂ ಲಿಂಗವನ್ನೂ ಕಡೆದು, ಎದುರಿಗೊಂದು ನಂದಿಯನ್ನು ಕೂರಿಸಿದ್ದಾರೆ. 1678ರಿಂದ 1718ರವರೆಗೆ ಆಳಿದ ಸೋಂದೆಯ ಅರಸ ಸದಾಶಿವರಾಯನು ಇವನ್ನು ಕೆತ್ತಿಸಿದನೆಂಬುದು ಪ್ರಚಲಿತ ಮಾತು. ನಾನು ಬಹಳ ಹೊತ್ತು ಕುಳಿತದ್ದು ಒಂದು ಸಣ್ಣ ನಂದಿಯ ಪಕ್ಕದಲ್ಲಿ. ಅದರ ಮೂತಿ ನೀರಿನ ಹೊಡೆತಕ್ಕೆ ಸವೆದು ನುಣ್ಣಗಾಗಿತ್ತು, ಆದರೆ ಕೊರಳ ಸರದ ಗೆರೆಗಳಲ್ಲಿ ಬೆರಳು ಇನ್ನೂ ತಡೆದು ನಿಲ್ಲುತ್ತಿತ್ತು. ಪಾಣಿಪೀಠದ ಕುಳಿಯಲ್ಲಿ ಉಳಿದ ಬೊಗಸೆ ನೀರಿನಲ್ಲಿ ಕೂದಲೆಳೆಯಷ್ಟು ಸಣ್ಣ ಮೀನುಮರಿಗಳು ಓಡಾಡುತ್ತಿದ್ದವು.

ಶಿಲ್ಪಿಗಳು ಇಲ್ಲಿ ವರ್ಷವಿಡೀ ಕೆಲಸ ಮಾಡಿರಲಾರರು ಎಂದು ಹಿರಿಯರು ಹೇಳಿದಾಗ, ಅದುವರೆಗೆ ಯೋಚಿಸದಿದ್ದ ಸಂಗತಿಯೊಂದು ನನಗೆ ಹೊಳೆಯಿತು. ಮಳೆ ಹಿಡಿದರೆ ಈ ಬಂಡೆಗಳೆಲ್ಲ ಮುಳುಗುತ್ತವೆ. ಉಳಿಗೆ ಬಿಡುವು ಸಿಗುವುದು ಬೇಸಿಗೆಯ ಕೆಲವೇ ತಿಂಗಳು. ಹಾಗಿದ್ದೂ ದಡದ ಮೇಲೆ ಗುಡಿ ಕಟ್ಟಿಸದೆ, ಪ್ರತಿ ಮಳೆಗಾಲವೂ ಹೊಳೆಯೇ ಅಭಿಷೇಕ ಮಾಡಲೆಂದು ಪಾತ್ರವನ್ನೇ ಆರಿಸಿಕೊಂಡವರ ಭಕ್ತಿಯನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಇಲ್ಲಿ ಗರ್ಭಗುಡಿಯಿಲ್ಲ, ಗೋಡೆಯಿಲ್ಲ. ಇಕ್ಕೆಲದ ಕಾಡೇ ಪ್ರಾಕಾರ. (ಬಂಡೆಗಳ ಮೇಲೆ ಹೆಸರು ಗೀಚುವವರನ್ನೂ ಪ್ಲಾಸ್ಟಿಕ್ ಎಸೆಯುವವರನ್ನೂ ಕಂಡಾಗ ಆಗುವ ಸಂಕಟವನ್ನು ಬೇರೆ ಹೇಳಬೇಕಾಗಿಲ್ಲ.)

ಶಾಲ್ಮಲೆಯು ಬೇಡ್ತಿ ನದಿಯನ್ನು ಸೇರಿ, ಮುಂದೆ ಗಂಗಾವಳಿಯೆಂಬ ಹೆಸರಿನಲ್ಲಿ ಅಂಕೋಲೆಯ ಕಡೆ ಕಡಲಿಗೆ ಇಳಿಯುತ್ತದೆ. ಬೇಡ್ತಿ ಕೊಳ್ಳದ ನೀರನ್ನು ವರದಾ ನದಿಗೆ ತಿರುಗಿಸುವ ಪ್ರಸ್ತಾವದ ಬಗ್ಗೆ ನಮ್ಮ ಸೀಮೆಯಲ್ಲಿ ಮಾತು ಬಂದಾಗಲೆಲ್ಲ ತೋಟ, ಕಾಡು, ಮೀನುಗಾರಿಕೆಗಳ ಚರ್ಚೆ ನಡೆಯುತ್ತದೆ, ನಡೆಯಲೂಬೇಕು. 1983ರಲ್ಲಿ ಸಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಕಾಡು ಉಳಿಸಿದ ತಾಲ್ಲೂಕಿದು. ಆ ಚರ್ಚೆಯಲ್ಲಿ ಈ ಲಿಂಗಗಳಿಗೂ ಒಂದು ಜಾಗ ಬೇಕೆಂಬುದು ನನ್ನ ಹಂಬಲ. ಇವನ್ನು ಕಿತ್ತು ಮ್ಯೂಸಿಯಮ್ಮಿನಲ್ಲಿ ಇಡಲಾಗದು. ಆಷಾಢದಲ್ಲಿ ಮುಳುಗಿ ಮಾಘದಲ್ಲಿ ಮೇಲೇಳುವ ಹರಿವು ಇದ್ದರಷ್ಟೇ ಇದು ಸಹಸ್ರಲಿಂಗ.