ಆಂಬರಿನೊಳಗಿನ ‘ಸೊಳ್ಳೆ’

ಬಹುಕಾಲದ ಹಿಂದಿನ ಮರದ ಅಂಟು ಗಟ್ಟಿಯಾಗಿ ಪಳೆಯುಳಿಕೆಯಾದದ್ದೇ ಆಂಬರ್. ಸಪೂರ ಕಾಲಿನ ಕೀಟವೊಂದು ಅದರಲ್ಲಿ ಕಂಡೊಡನೆ ಅದನ್ನು ಸೊಳ್ಳೆ ಎಂದುಬಿಡುವುದು ರೂಢಿ. ನನ್ನ ಬಳಿಯಿರುವ ಬಾಲ್ಟಿಕ್ ಆಂಬರಿನ (ಯುರೋಪಿನ ಬಾಲ್ಟಿಕ್ ಸಮುದ್ರದ ಸುತ್ತ ಸಿಗುವಂಥದ್ದು) ತುಂಡನ್ನು ಮೊದಲು ನೋಡಿದಾಗ ನಾನೂ ಹಾಗೆಯೇ ಎಂದಿದ್ದೆ. ಆದರೆ ಸೊಳ್ಳೆಗೆ ಮುಂದಕ್ಕೆ ಚಾಚಿದ ಉದ್ದನೆಯ ಸೊಂಡಿಲಿರಬೇಕು, ರೆಕ್ಕೆಯ ನಾಳಗಳ ಮೇಲೂ ಅಂಚಿನಲ್ಲೂ ಹುರುಪೆಗಳಿರಬೇಕು. ಇದರಲ್ಲಿ ಅವೆರಡೂ ಇರಲಿಲ್ಲ. ಬಾಲ್ಟಿಕ್ ಆಂಬರಿನಲ್ಲಿ ನಿಜವಾದ ಸೊಳ್ಳೆ ಅಪರೂಪವೆಂಬುದು ನನಗೆ ತಿಳಿದದ್ದು ಆಮೇಲೆ.

ತುಂಡಿನ ಮೇಲ್ಮೈ ಬಾಗಿದ್ದರೆ ಒಳಗಿನ ಆಕಾರವೂ ಸೊಟ್ಟಗೆ ಕಾಣುತ್ತದೆ. ಅದರ ಮೇಲೆ ಒಂದು ಹನಿ ಗ್ಲಿಸರಿನ್ ಹಾಕಿ ತೆಳುಗಾಜನ್ನು ಇಟ್ಟ ಮೇಲಷ್ಟೇ ಸೂಕ್ಷ್ಮದರ್ಶಕದಲ್ಲಿ ವಿವರಗಳು ತಿಳಿಯಾದವು. ರೆಕ್ಕೆ ಒಂದೇ ಜೋಡಿ. ಹಿಂದಿನ ಜೋಡಿಯ ಜಾಗದಲ್ಲಿ ಗುಂಡುತಲೆಯ ಪುಟ್ಟ ಕಡ್ಡಿಗಳಿದ್ದುದರಿಂದ ಇದು ನೊಣ, ಸೊಳ್ಳೆ, ನುಸಿಗಳ ಗಣಕ್ಕೆ ಸೇರಿದ್ದೆಂಬುದು ಖಚಿತವಾಯಿತು. ಮುಂದಿನ ಸುಳಿವು ಸಿಕ್ಕಿದ್ದು ಕಣ್ಣುಗಳಲ್ಲಿ: ಕುಡಿಮೀಸೆಗಳ ಬುಡದ ಮೇಲ್ಗಡೆ ಎರಡು ಕಣ್ಣುಗಳೂ ಕಿರಿದಾದ ಸೇತುವೆಯಂತೆ ಕೂಡಿಕೊಂಡಿದ್ದವು. ರೆಕ್ಕೆಯ ನಡುವಿನ ನಾಳ ಕವಲೊಡೆದ ಬಗೆಯೂ ಇದಕ್ಕೆ ಹೊಂದುತ್ತಿದ್ದುದರಿಂದ ಇದು ಸಿಯಾರಿಡೇ ಕುಟುಂಬದ ನುಸಿ ಎಂದು ನಿರ್ಧರಿಸಿದೆ. ಒದ್ದೆ ಮಣ್ಣು, ಕೊಳೆತ ಮರಗಳಲ್ಲಿ ಮರಿಹುಳುವಾಗಿ ಬೆಳೆಯುವ ಇವು ಮರದ ಅಂಟಿಗೆ ಸಿಕ್ಕಿಬೀಳುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಅಲ್ಲಿಂದಾಚೆ ನನಗೆ ದಾರಿಯಿಲ್ಲ. ಈ ಕುಟುಂಬದಲ್ಲಿ ಪ್ರಭೇದವನ್ನು ಗುರುತಿಸಲು ಮುಖ್ಯವಾಗಿ ಗಂಡಿನ ಜನನಾಂಗದ ರಚನೆಯನ್ನು ನೋಡಬೇಕು. ನನ್ನ ಕೀಟದ ಹೊಟ್ಟೆಯ ತುದಿಯನ್ನೇ ಬಾಲ್ಟಿಕ್ ಆಂಬರಿಗೆ ವಿಶಿಷ್ಟವಾದ ಹಾಲುಬಿಳುಪಿನ ಪೊರೆ ಮುಚ್ಚಿದೆ. ಸೂಕ್ಷ್ಮ ಸಿಟಿ ಸ್ಕ್ಯಾನ್ ಇಂಥ ಪೊರೆಯನ್ನೂ ದಾಟಿ ನೋಡಬಲ್ಲದು, ಆದರೆ ಅದು ಹವ್ಯಾಸಿಯ ಕೈಗೆಟುಕುವ ಯಂತ್ರವಲ್ಲ.

ಕೀಟವನ್ನು ಸರಿಯಾಗಿ ಗುರುತಿಸಿಯೂ ಮೋಸಹೋಗಬಹುದು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿದ್ದ ಒಂದು ನೊಣವನ್ನು ಜರ್ಮನ್ ಕೀಟವಿಜ್ಞಾನಿ ವಿಲ್ಲಿ ಹೆನ್ನಿಗ್ 1966ರಲ್ಲಿ ಇಂದಿಗೂ ಬದುಕಿರುವ ಫ್ಯಾನಿಯಾ ಸ್ಕೇಲಾರಿಸ್ ಎಂದು ಗುರುತಿಸಿದರು. ಕೋಟ್ಯಂತರ ವರ್ಷ ಬದಲಾಗದೆ ಉಳಿದ ಪ್ರಭೇದವೆಂದು ಅದು ಹೆಸರಾಯಿತು. 1993ರಲ್ಲಿ ಪಳೆಯುಳಿಕೆ ತಜ್ಞ ಆಂಡ್ರ್ಯೂ ರಾಸ್ ಅದನ್ನು ಪರೀಕ್ಷಿಸುತ್ತಿದ್ದಾಗ ದೀಪದ ಕಾವಿಗೆ ಬಿರುಕೊಂದು ಕಾಣಿಸಿಕೊಂಡು, ಅಸಲಿ ಆಂಬರನ್ನೇ ಸೀಳಿ, ಕೊರೆದು, ಒಳಗೆ ನೊಣವನ್ನಿಟ್ಟು ಅಂಟಿಸಿದ್ದೆಂಬುದು ಬಯಲಾಯಿತು. ಹೆನ್ನಿಗ್ ನೊಣವನ್ನು ಗುರುತಿಸಿದ್ದು ಸರಿಯೇ. ತಪ್ಪಿದ್ದು ಅದರ ವಯಸ್ಸು.

ಆ ಪ್ರಸಂಗವನ್ನು ಓದಿದ ಮೇಲೆ ನನ್ನ ತುಂಡಿನ ಅಂಚುಗಳನ್ನೆಲ್ಲ ಮತ್ತೊಮ್ಮೆ ಪರೀಕ್ಷಿಸಿದೆ. ಜೋಡಣೆಯ ಗೆರೆ ಕಾಣಲಿಲ್ಲ. ಬಾಲ್ಟಿಕ್ ಆಂಬರಿನಲ್ಲಿ ಮೇಲಿಂದ ಮೇಲೆ ಸಿಗುವ ಓಕ್ ಮರದ ನಕ್ಷತ್ರಾಕಾರದ ರೋಮಗಳೆರಡು ನುಸಿಯ ಹಿಂಗಾಲಿನ ಬಳಿಯೇ ಇದ್ದವು. ‘ಸೊಳ್ಳೆ’ ಎಂದು ಬರೆದಿದ್ದ ಚೀಟಿಯನ್ನು ತೆಗೆದು, ‘ಸಿಯಾರಿಡೇ, ಪ್ರಭೇದ ತಿಳಿಯದು’ ಎಂಬ ಹೊಸ ಚೀಟಿಯನ್ನು ಅಂಟಿಸಿದ್ದೇನೆ.