ಒಂದುವೇಳೆ, ಆದರೆ, ಇಷ್ಟೇ

1979ರ ಯುನಿಕ್ಸ್ ಕಾರ್ಯಾಚರಣ ವ್ಯವಸ್ಥೆಯ ಏಳನೆಯ ಆವೃತ್ತಿಯ ಶೆಲ್ಲನ್ನು (ಆದೇಶಗಳನ್ನು ಓದಿ ನಡೆಸುವ ಪ್ರೋಗ್ರಾಮನ್ನು) ಬರೆದ ಸ್ಟೀವ್ ಬೋರ್ನ್ ಅವರು ಬೆಲ್ ಲ್ಯಾಬ್ಸ್‌ಗೆ ಬರುವ ಮೊದಲು ಕೇಂಬ್ರಿಜ್‌ನಲ್ಲಿ ಆಲ್ಗಾಲ್ 68 ಎಂಬ ಪ್ರೋಗ್ರಾಮಿಂಗ್ ಭಾಷೆಯ ಕಂಪೈಲರಿನ (ಕೋಡನ್ನು ಯಂತ್ರದ ಭಾಷೆಗೆ ತರುವ ಪ್ರೋಗ್ರಾಮಿನ) ಕೆಲಸದಲ್ಲಿದ್ದವರು. ಆ ಭಾಷೆಯ ಮೇಲಿನ ಮೋಹ ಬಿಡದೆ, ಶೆಲ್ಲಿನ ಸಿ ಕೋಡಿಗೂ ಅವರು ಒಂದು ಪದದ ಜಾಗದಲ್ಲಿ ಬೇರೆ ಕೋಡನ್ನು ಇಡುವ ಮ್ಯಾಕ್ರೋಗಳಿಂದ ಆಲ್ಗಾಲ್‌ನ ವೇಷ ತೊಡಿಸಿದರು. ಅಲ್ಲಿ ದೊಡ್ಡಕ್ಷರದ 'ಇಫ್' ಎಂದರೆ ಸಿ ಭಾಷೆಯ ಇಫ್ ಮತ್ತು ತೆರೆಯುವ ಆವರಣ. 'ದೆನ್' ಎಂದರೆ ಆವರಣ ಮುಚ್ಚಿ ಪುಷ್ಪಾವರಣ { ತೆರೆಯುವುದು. 'ಇಫ್'ನ ಇಂಗ್ಲಿಷ್ ಅಕ್ಷರಗಳು ತಿರುಗುಮುರುಗಾದ 'ಫೈ' ಎಂದರೆ ಅದನ್ನು ಮುಚ್ಚುವುದು. ಮತ್ತೆ ಮತ್ತೆ ನಡೆಯುವ 'ಲೂಪ್' ಮುಗಿಯುವುದು 'ಪೂಲ್' ಎಂಬಲ್ಲಿ! ಈ ಕೋಡನ್ನು ಕಂಡು ಬೆರಗಾದ ಲ್ಯಾಂಡನ್ ಕರ್ಟ್ ನೋಲ್ ಮತ್ತು ಲ್ಯಾರಿ ಬ್ಯಾಸೆಲ್ 1984ರಲ್ಲಿ ಗೋಜಲು ಸಿ ಕೋಡಿನ ಅಂತರರಾಷ್ಟ್ರೀಯ ಸ್ಪರ್ಧೆಯನ್ನೇ ಆರಂಭಿಸಿದರು.

ನಾನೂ ಇದನ್ನು ಹುಡುಗಾಟವೆಂದೇ ತಿಳಿದಿದ್ದೆ. ಆದರೆ ಜಿಸಿಸಿ ಎಂಬ ಕಂಪೈಲರಿನ 2020ರ 10ನೆಯ ಆವೃತ್ತಿಯಿಂದ ಸಿ ಕೋಡಿನ ಹೆಸರುಗಳನ್ನು ನೇರವಾಗಿ ಕನ್ನಡ ಲಿಪಿಯಲ್ಲೇ ಬರೆಯಬಹುದಾದ್ದರಿಂದ, ಒಂದು ಭಾನುವಾರ ಅದೇ ವೇಷವನ್ನು ಕನ್ನಡಕ್ಕೆ ಹೊಲಿಯಲು ಕುಳಿತೆ. ಮೊದಲ ಸಾಲಿಗೇ ತೊಡಕಾಯಿತು. ಕನ್ನಡದಲ್ಲಿ 'ಆದರೆ' ಬರುವುದು ಷರತ್ತಿನ ನಂತರ. ಕಂಪೈಲ್ ಆಗುವ ಮೊದಲು ಮ್ಯಾಕ್ರೋಗಳನ್ನು ಬಿಡಿಸುವ ಪ್ರಿಪ್ರೊಸೆಸರ್ ಪದದ ಜಾಗದಲ್ಲಿ ಪದ ಇಡಬಲ್ಲದೇ ಹೊರತು, ಹಿಂದಿನದನ್ನು ಮುಂದಕ್ಕೆ ತರಲಾರದು. ದಾರಿ ತೋರಿಸಿದ್ದು ಬೋರ್ನ್ ಅವರ ಜೋಡಿ ಮ್ಯಾಕ್ರೋಗಳೇ. 'ಒಂದುವೇಳೆ' ಎಂಬುದಕ್ಕೆ ಅವರ 'ಇಫ್'ನ ಅರ್ಥವನ್ನೂ, 'ಆದರೆ'ಗೆ 'ದೆನ್'ನ ಅರ್ಥವನ್ನೂ, 'ಇಲ್ಲದಿದ್ದರೆ'ಗೆ ಒಂದು ಪುಷ್ಪಾವರಣ ಮುಚ್ಚಿ, ಸಿ ಭಾಷೆಯ ಎಲ್ಸ್ ಬರೆದು, ಇನ್ನೊಂದನ್ನು ತೆರೆಯುವ ಅರ್ಥವನ್ನೂ, 'ಇಷ್ಟೇ'ಗೆ 'ಫೈ'ಯ ಅರ್ಥವನ್ನೂ ಕೊಟ್ಟಾಗ ಈ ಸಾಲು ಕಂಪೈಲ್ ಆಯಿತು:

ಒಂದುವೇಳೆ ಅಂಕ >= 35 ಆದರೆ ಪಾಸು(); ಇಲ್ಲದಿದ್ದರೆ ಫೇಲು(); ಇಷ್ಟೇ

ನನ್ನ ಕಿವಿಗೆ ಇದು ಇಂಗ್ಲಿಷ್ ಪದಗಳ ಮೂಲಕೋಡಿಗಿಂತ ಸಹಜವಾಗಿಯೇ ಕೇಳಿಸಿತು. ಷರತ್ತು ನಿಜವಿರುವವರೆಗೆ ಮತ್ತೆ ಮತ್ತೆ ನಡೆಸುವ 'ವೈಲ್' ಮಾತ್ರ ಅಷ್ಟು ಸುಲಭವಾಗಿ ಒಗ್ಗಲಿಲ್ಲ. 'ಎಲ್ಲಿಯವರೆಗೆ', 'ಅಲ್ಲಿಯವರೆಗೆ' ಎಂಬ ಜೋಡಿಯಿಂದ ಕೆಲಸ ನಡೆಯಿತಾದರೂ, ಅದಕ್ಕೆ ಹಳೆಯ ಗಣಿತ ಪಠ್ಯಪುಸ್ತಕದ ವಾಸನೆ ಅಂಟಿಕೊಂಡಿತು.

ಮರುದಿನ ಎಲ್ಲೋ ನಡುವೆ ಒಂದು 'ಇಷ್ಟೇ' ಬಿಟ್ಟುಹೋಯಿತು. ಕಂಪೈಲರ್ ಫೈಲಿನ ಕೊನೆಯ ಸಾಲಿಗೆ ಬೆರಳು ತೋರಿಸಿ ದೂರಿತೇ ಹೊರತು, ತಪ್ಪಿದ ಜಾಗವನ್ನು ಹೇಳಲಿಲ್ಲ. ಮುಚ್ಚದೆ ಉಳಿದ ಪುಷ್ಪಾವರಣ 'ಇಲ್ಲದಿದ್ದರೆ'ಯ ಹೊಟ್ಟೆಯೊಳಗೆ ಅಡಗಿದ್ದರಿಂದ, ಆವರಣಗಳ ಜೋಡಿ ತೋರಿಸುವ ಎಡಿಟರಿಗೂ ಅದು ಕಾಣಲಿಲ್ಲ. ಪ್ರಿಪ್ರೊಸೆಸರಿನ ಹಂತದಲ್ಲೇ ಜಿಸಿಸಿಯನ್ನು ನಿಲ್ಲಿಸಿ, ವೇಷ ಕಳಚಿದ ಕೋಡಿನಲ್ಲಿ ಆವರಣಗಳನ್ನು ಎಣಿಸುತ್ತಾ ಹೋದಾಗ, ನಲವತ್ತು ಸಾಲು ಮೇಲೆ, 'ಫೇಲು' ಕರೆದ ಜಾಗದಲ್ಲಿ ತಪ್ಪು ಸಿಕ್ಕಿತು.